ಮರಿತಾಯಮ್ಮನ ಕ್ಯಾಸೆಟ್ಟು

ತೆರಕಣಾಂಬಿಯಲ್ಲಿ ವಿಡಿಯೋ ಎಂದರೆ ಮದುವೆ ಎಂದೇ ಅರ್ಥ. ಹಾಗಾಗಿ ಗುಂಡ್ಲುಪೇಟೆಯ ಸ್ಟುಡಿಯೋ ಶಂಕರ್ ಹೆಗಲಿಗೆ ಕ್ಯಾಮೆರಾ ಪೆಟ್ಟಿಗೆ ತಗುಲಿಸಿಕೊಂಡು ಬಸ್ಸಿಳಿದು ಮಾದಣ್ಣನ ಮನೆ ಯಾವುದೆಂದು ಕೇಳಿದಾಗ, ಹೋಟೆಲಿನವರಿಂದ ಹಿಡಿದು ಹಿಟ್ಟಿನ ಗಿರಣಿಯವರ ತನಕ ಎಲ್ಲರೂ ಮಾದಣ್ಣನ ಮಗಳು ಕುಮಾರಿಗೆ ಗಂಡು ಗೊತ್ತಾಯಿತೆಂದೇ ತಿಳಿದರು. ಎದುರುಮನೆಯ ಈರಮ್ಮನಂತೂ ಇಷ್ಟು ಗುಟ್ಟಾಗಿ ಮಾಡುವಂಥದ್ದೇನಿತ್ತು ಎಂದು ಬಾಗಿಲಲ್ಲೇ ನಿಂತು ಮುನಿಸಿಕೊಂಡಳು. ಮದುವೆಯಲ್ಲ, ಅತ್ತೆಯ ಕಾಯಿಲೆಯನ್ನು ವಿಡಿಯೋ ತೆಗೆಸುತ್ತಿದ್ದೇವೆ ಎಂದು ಸೊಸೆ ನೀಲಾವತಿ ಹೇಳಿದರೆ ಆಕೆ ನಂಬಬೇಕಲ್ಲ. ಕಾಯಿಲೆಗೂ ವಿಡಿಯೋ ಉಂಟೇ ಎಂದು ನಕ್ಕು, ನೋಡಿಯೇ ಹೋಗೋಣವೆಂದು ಜಗಲಿಯ ಮೇಲೆ ಕುಳಿತುಬಿಟ್ಟಳು.

ಮಾದಣ್ಣನ ಹೆಂಡತಿ ಮರಿತಾಯಮ್ಮನಿಗೆ ಬಲಗೈ ನಡುಗಲು ಶುರುವಾದದ್ದು ಮಗನ ಮದುವೆಯಾದ ವರ್ಷ. ಮೊದಲು ಗಾಳಿ ಸೋಕಿದೆ ಎಂದರು, ಆಮೇಲೆ ವಾಯು ಎಂದರು. ಕೈಯಿಂದ ಕಾಲಿಗಿಳಿದು, ಮಾತು ಸಣ್ಣಗಾಗಿ, ಸೊಂಟ ಬಗ್ಗಿದ ಮೇಲೆ ಗುಂಡ್ಲುಪೇಟೆಯ ಕ್ಯಾಂಪಿಗೆ ಬಂದಿದ್ದ ಮೈಸೂರಿನ ನರರೋಗದ ಡಾಕ್ಟರು ಶಿವರುದ್ರಸ್ವಾಮಿ ಇದಕ್ಕೆ ಪಾರ್ಕಿನ್ಸನ್ ಅನ್ನುತ್ತಾರೆ ಎಂದರು. ಮಾದಣ್ಣನ ಬಾಯಲ್ಲಿ ಅದು ಪಾರ್ಕಿನ ಕಾಯಿಲೆಯಾಯಿತು. ಹುಟ್ಟಿದಾಗಿನಿಂದ ಒಂದು ಪಾರ್ಕನ್ನೂ ತುಳಿಯದ ಹೆಂಡತಿಗೆ ಇದು ಹೇಗೆ ಅಂಟಿಕೊಂಡಿತೆಂದು ಅವನು ತರಕಾರಿ ಮಂಡಿಯಲ್ಲಿ ಕಂಡಕಂಡವರನ್ನೆಲ್ಲ ಕೇಳಿದ.

ಮಾತ್ರೆ ಕೆಲಸ ಮಾಡಿತು, ಅದರಲ್ಲಿ ಸುಳ್ಳಿಲ್ಲ. ನುಂಗಿ ಸ್ವಲ್ಪ ಹೊತ್ತಿಗೆ ಮರಿತಾಯಮ್ಮ ಎದ್ದು ತಾವೇ ಮುಖ ತೊಳೆಯುತ್ತಿದ್ದರು. ಆದರೆ ಆ ಮಾತ್ರೆಯದೊಂದು ಗೋಳು. ಕಡಿಮೆಯಾದರೆ ಮೈ ಮರದ ಕೊರಡು, ಹೆಚ್ಚಾದರೆ ಮೈಯೆಲ್ಲ ತನ್ನಷ್ಟಕ್ಕೆ ಓಲಾಟ. ಎಷ್ಟು ಕೊಡಬೇಕೆಂಬುದನ್ನು ಡಾಕ್ಟರು ಕಣ್ಣಾರೆ ನೋಡಿಯೇ ಹೇಳಬೇಕು. ಕ್ಯಾಂಪು ನಿಂತುಹೋಗಿತ್ತು. ಮೈಸೂರಿಗೆ ಕರೆದುಕೊಂಡು ಹೋಗೋಣವೆಂದರೆ ಬಸ್ಸಿನ ಬಾಗಿಲ ಮುಂದೆ ಅವರ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತಿತ್ತು. ಹೋದ ಸಲ ಹಿಂದಿದ್ದವರು ಗದರಿ, ಕಂಡಕ್ಟರ್ ಶಿಳ್ಳೆ ಹೊಡೆದು, ಕೊನೆಗೆ ಮಗ ಮಹಾಲಿಂಗ ಮೂಟೆ ಎತ್ತಿದಂತೆ ಎತ್ತಿ ಒಳಗೆ ಹಾಕಿದ್ದ. ಅಂದಿನಿಂದ ಮರಿತಾಯಮ್ಮ ಬಸ್ಸಿನ ಹೆಸರೆತ್ತಿದರೆ ತಲೆ ಅಲ್ಲಾಡಿಸುತ್ತಿದ್ದರು.

ಇದನ್ನು ಫೋನಿನಲ್ಲಿ ಕೇಳಿದ ಡಾಕ್ಟರು, ರೋಗಿಯನ್ನು ತರುವುದು ಬೇಡ, ಕ್ಯಾಸೆಟ್ ಕಳಿಸಿ ಎಂದರು. ಕೂತದ್ದು, ಎದ್ದದ್ದು, ನಡೆದದ್ದು, ತಿರುಗಿದ್ದು, ಬೆರಳು ತಟ್ಟಿದ್ದು. ಮೈಸೂರು ಬಸ್ಸಿನ ಕಂಡಕ್ಟರ್ ಕೈಲಿ ಕೊಟ್ಟರೆ ಆಸ್ಪತ್ರೆಯವರು ಸ್ಟ್ಯಾಂಡಿನಲ್ಲಿ ಇಸಿದುಕೊಳ್ಳುತ್ತಾರೆ, ಗುರುವಾರ ಮಧ್ಯಾಹ್ನ ಫೋನ್ ಮಾಡಿದರೆ ಔಷಧಿ ಹೇಳುತ್ತೇನೆ ಎಂದರು. ಬಸ್ಸು ಹತ್ತಲಾರದ ಬೇರೆ ಊರಿನವರನ್ನೂ ಹೀಗೇ ನೋಡುತ್ತಿದ್ದಾರಂತೆ. "ಇದ್ದ ಹಾಗೇ ತೆಗೀರಿ" ಎಂದು ಅವರು ಎರಡು ಸಲ ಹೇಳಿದ್ದನ್ನು ನೀಲಾವತಿ ಮನೆಯವರಿಗೆಲ್ಲ ಒಪ್ಪಿಸಿದ್ದಳು.

ಈ ಕ್ಯಾಸೆಟ್ಟಿನ ಮೇಲೆ ನೀಲಾವತಿ ಇಟ್ಟಿದ್ದ ಆಸೆ ಅತ್ತೆಯ ನಡಿಗೆಯಷ್ಟರದೇ ಅಲ್ಲ. ಗಂಡ ಮಹಾಲಿಂಗ ಚಾಮರಾಜನಗರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಮದುವೆಯಾದಾಗಿನಿಂದ ಅವನು ಶನಿವಾರ ಬಂದು ಸೋಮವಾರ ಹೋಗುವ ನೆಂಟ. ಚಾಮರಾಜನಗರ ಜಿಲ್ಲೆಯಾದ ಮೇಲೆ ಕಚೇರಿಗಳು ಹೆಚ್ಚಿ ಅವನ ಹೆಸರಿಗೊಂದು ಕ್ವಾರ್ಟರ್ಸ್ ಬರೆದಿದ್ದರು. ಎರಡು ಕೋಣೆ, ಒಳಗೇ ನಲ್ಲಿ. ಯುಗಾದಿಯೊಳಗೆ ಸಂಸಾರ ತಂದು ಸೇರಿದರೆ ಸರಿ, ಇಲ್ಲದಿದ್ದರೆ ಇನ್ನೊಬ್ಬರ ಪಾಲು. ಅತ್ತೆ ತಾವೇ ಎದ್ದು ಉಣ್ಣುವಷ್ಟಾದರೆ ಮಿಕ್ಕದ್ದನ್ನು ಕುಮಾರಿ ನೋಡಿಕೊಳ್ಳುತ್ತಾಳೆ, ತಾನು ಗಂಡನ ಜೊತೆ ಇರಬಹುದು. ಇದನ್ನು ಅವಳು ಯಾರ ಮುಂದೂ ಆಡಿರಲಿಲ್ಲ. ಆಡದಿದ್ದರೂ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಶಂಕರ್ ಬಂದ ದಿನ ಮರಿತಾಯಮ್ಮ ಪೆಟ್ಟಿಗೆಯಿಂದ ರೇಷ್ಮೆ ಸೀರೆ ತೆಗೆಸಿದರು. ಕುಮಾರಿ ತಲೆ ಬಾಚಿ ಹೂವು ಮುಡಿಸಿದಳು. ಶಂಕರ್ ತನ್ನ ಅಭ್ಯಾಸದಂತೆ ಗೋಡೆಗೆ ಒಂದು ಹೂವಿನ ಬೆಡ್‌ಶೀಟ್ ಕಟ್ಟಿ, ದೊಡ್ಡ ದೀಪ ಹಾಕಿ, ಅಮ್ಮ ಒಸಿ ಈ ಕಡೆ ನೋಡಿ ಎಂದ. ಮಾತ್ರೆಯ ಡಬ್ಬಿಯನ್ನು ಎತ್ತಿಡಲು ಹೋದ ನೀಲಾವತಿ ಒಳಗಿನ ಮಾತ್ರೆಯ ಹಾಳೆಯಲ್ಲಿ ಆ ಹೊತ್ತಿನ ಒಂದರ ಬದಲು ಎರಡು ಗುಳಿ ಖಾಲಿಯಾಗಿರುವುದನ್ನು ಕಂಡಳು. ಕುಮಾರಿಯ ಮುಖ ನೋಡಿದಳು. ಕುಮಾರಿ, ಅವ್ವನೇ ಕೇಳಿತು ಎಂಬಂತೆ ಕಣ್ಣಲ್ಲೇ ತೋರಿಸಿದಳು. ಆಗಲೇ ಶಂಕರನ ಕೈ ಹಿಡಿದು ಇವತ್ತು ಬೇಡ ಎನ್ನಬೇಕಿತ್ತು. ಅನ್ನಲಿಲ್ಲ. ಚೆನ್ನಾಗಿ ಕಂಡರೆ ಡಾಕ್ಟರಿಗೂ ಧೈರ್ಯ, ತನಗೂ ದಾರಿ ಎಂದು ಅವಳ ಮನಸ್ಸು ಒಳಗೊಳಗೇ ಲೆಕ್ಕ ಹಾಕಿಬಿಟ್ಟಿತು. ಮರಿತಾಯಮ್ಮ ನಡೆದೇ ನಡೆದರು. ಹೆಗಲು ಒಂದು ಕಡೆ, ಕತ್ತು ಒಂದು ಕಡೆ ಓಲಾಡಿದರೂ ಬಾಗಿಲ ತನಕ ಹೋಗಿ ಯಾರ ಕೈಯನ್ನೂ ಹಿಡಿಯದೆ ತಿರುಗಿ ಬಂದರು. ಈರಮ್ಮ ಜಗಲಿಯಿಂದಲೇ, ಇವಳಿಗೆಂಥ ಕಾಯಿಲೆ ಎಂದಳು.

ಗುರುವಾರ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದಾಗ ಡಾಕ್ಟರು ಖುಷಿಯಾಗಿದ್ದರು. ನಡಿಗೆ ಚೆನ್ನಾಗಿದೆ, ಆದರೆ ಮೈ ಓಲಾಡುತ್ತಿರುವುದು ನೋಡಿದರೆ ಔಷಧಿ ಹೆಚ್ಚಾಗಿದೆ, ಇನ್ನು ಮೇಲೆ ಅರ್ಧರ್ಧ ಮಾತ್ರೆ ಸಾಕು ಎಂದರು. ನೀಲಾವತಿ ಬಾಯಿಗೆ ಬಂದ ಎರಡು ಮಾತ್ರೆಯ ಮಾತನ್ನು ನುಂಗಿ, ಆಯಿತು ಸಾರ್ ಎಂದು ರಿಸೀವರ್ ಇಟ್ಟುಬಿಟ್ಟಳು.

ಅರ್ಧ ಮಾತ್ರೆಯ ವಾರಗಳನ್ನು ಏನೆಂದು ಹೇಳುವುದು? ಮಾದಣ್ಣನಿಗೆ ಗುಂಡ್ಲುಪೇಟೆಯ ತರಕಾರಿ ಮಂಡಿಯಲ್ಲಿ ತೂಕದ ಕೆಲಸ. ಈರುಳ್ಳಿ ಲಾರಿಗಳು ಹೊರಡುವ ಮೊದಲೇ ಅಲ್ಲಿರಬೇಕು, ಅವನು ಹೋಗುವಾಗ ಮನೆಯಲ್ಲಿ ಹೆಂಡತಿ ಇನ್ನೂ ಮಲಗಿರುತ್ತಿದ್ದಳು. ಕುಮಾರಿ ನೀರಿಗೆ ಹೋದರೆ ಕೊಳಾಯಿಯ ಸಾಲು ಕರಗುವವರೆಗೆ ಬರುವಂತಿಲ್ಲ. ಅತ್ತೆಯನ್ನು ಮಗ್ಗುಲಿಗೆ ತಿರುಗಿಸಿ, ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿ, ಒದ್ದೆಯಾದ ಸೀರೆ ಬದಲಿಸಿ, ಬಚ್ಚಲಿಗೆ ನಡೆಸುವ ಹೊತ್ತಿಗೆ ನೀಲಾವತಿಯ ಸೊಂಟ ಬಿದ್ದುಹೋಗುತ್ತಿತ್ತು. ಬಚ್ಚಲ ಹೊಸ್ತಿಲಲ್ಲಿ ಕಾಲು ನಿಂತರೆ ನಿಂತೇಬಿಟ್ಟಿತು. ಆಮೇಲೆ ಊಟ. ಮುದ್ದೆ ಗಂಟಲಲ್ಲಿ ಇಳಿಯದೆಂದು ಅಂಬಲಿ ಮಾಡಿದರೆ ಅದು ತುಟಿಯಂಚಿನಿಂದ ಇಳಿಯುತ್ತಿತ್ತು. ಒರೆಸಿ, ಮತ್ತೆ ಒಂದು ಗುಟುಕು, ಮತ್ತೆ ಒರೆಸು. ಅಷ್ಟರಲ್ಲಿ ಒಲೆಯ ಮೇಲಿನ ಹುರುಳಿ ಸಾರು ತಳ ಹಿಡಿದಿರುತ್ತಿತ್ತು, ಮಧ್ಯಾಹ್ನ ಬಂದ ಮಾದಣ್ಣ ತಟ್ಟೆ ತಳ್ಳಿ, ದಿನಾ ಇದೇ ಸೀಕಲು ವಾಸನೆ ಎಂದು ಎದ್ದುಹೋಗುತ್ತಿದ್ದ.

ಇದನ್ನೆಲ್ಲ ನೀಲಾವತಿ ಸಹಿಸಿಯಾಳು. ಅವಳನ್ನು ಸುಡುತ್ತಿದ್ದದ್ದು ಅತ್ತೆಯ ಮುಖ. ಎಷ್ಟು ಮಾಡಿದರೂ ಆ ಮುಖ ಒಂದು ಚೂರು ಸಡಿಲವಾಗುತ್ತಿರಲಿಲ್ಲ. ಕಣ್ಣು ಮಿಟುಕಿಸದೆ ದಿಟ್ಟಿಸುವುದು, ತುಟಿ ಬಿಗಿದುಕೊಂಡಿರುವುದು. ಮೈ ತೊಳೆದಾಗಲೂ ಅಷ್ಟೆ, ಬಾಯಿಗೆ ಅನ್ನ ಇಟ್ಟಾಗಲೂ ಅಷ್ಟೆ. ಸ್ವಂತ ಮಗಳು ಇದ್ದೂ ಸೊಸೆಯೇ ಹೇಲು ಉಚ್ಚೆ ಬಳಿಯುತ್ತಿದ್ದಾಳೆಂಬ ಕನಿಕರವಾದರೂ ಬೇಡವೇ? ಕ್ವಾರ್ಟರ್ಸಿಗೆ ಹೋಗುವ ಆಸೆ ಇಟ್ಟುಕೊಂಡಿದ್ದೇನೆಂದು ನನ್ನ ಮೇಲೆ ಹಗೆ ಸಾಧಿಸುತ್ತಿದೆ ಮುದುಕಿ ಎಂದು ಅವಳು ಖಚಿತ ಮಾಡಿಕೊಂಡಿದ್ದಳು. ಒಂದು ದಿನ ರೋಸಿಹೋಗಿ, ನನ್ನ ಮೊಕ ಕಂಡರೆ ಅಷ್ಟು ಆಗಲ್ಲವಾ ಎಂದು ಕೇಳಿಯೂ ಬಿಟ್ಟಳು. ಮರಿತಾಯಮ್ಮನ ಗಂಟಲಿಂದ ಏನೋ ಸಣ್ಣಗೆ ಬಂತು. ಅದೇನೆಂದು ಕೇಳಿಸಿಕೊಳ್ಳಲು ನೀಲಾವತಿ ಬಗ್ಗಲಿಲ್ಲ.

ಯುಗಾದಿ ಹತ್ತಿರ ಬಂದ ಒಂದು ಶನಿವಾರ ರಾತ್ರಿಯ ಊಟಕ್ಕೆ ಕೂತಾಗ ಮಹಾಲಿಂಗ ಕ್ವಾರ್ಟರ್ಸಿನ ಮಾತೆತ್ತಿದ. ಸಾಹೇಬರು ಕೇಳುತ್ತಿದ್ದಾರೆ, ಏನು ಹೇಳಲಿ?

"ನಿಮ್ಮವ್ವುನ್ನ ಈ ಸ್ಥಿತಿಲಿ ಬುಟ್ಟು ಓದಿಯೇನ್ಲಾ?" ಎಂದ ಮಾದಣ್ಣ, ಮುದ್ದೆ ಮುರಿಯುತ್ತಾ. "ಆ ಡಾಕ್ಟರ್‌ಗಾದ್ರೂ ಬುದ್ದಿ ಬ್ಯಾಡ್ವಾ? ಟಿವಿ ನೋಡ್ಕಂಡು ಔಸ್ತಿ ಕೊಡ್ತನಂತೆ. ನಾನು ಲಾರಿ ನೋಡ್ಕಂಡೇ ತೂಕ ಬರುದ್ರೆ ಮಂಡಿಯೋರು ಬುಡ್ತರಾ?"

ಸಾರು ಬಡಿಸುತ್ತಿದ್ದ ನೀಲಾವತಿಯ ಸೌಟು ಅಲ್ಲೇ ನಿಂತಿತು. ಡಾಕ್ಟರನ್ನು ಬೈಯುವುದನ್ನು ಅವಳಿಂದ ಕೇಳಲಾಗಲಿಲ್ಲ.

"ಡಾಕ್ಟರ್ದು ತೆಪ್ಪಿಲ್ಲ ಮಾವ. ಅವತ್ತು ಅತ್ತೆ ಎಲ್ಡು ಮಾತ್ರೆ ನುಂಗಿದ್ರು. ನಂಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಕಿದ್ದಿ."

ಆಮೇಲೆ ನಡೆದ ಗಲಾಟೆಗೆ ತಲೆಯಿಲ್ಲ, ಬುಡವಿಲ್ಲ. ಮಹಾಲಿಂಗ ಹೆಂಡತಿಗೆ ಬೈದ, ಮಾದಣ್ಣ ಮಗಳಿಗೆ ಬೈದ, ಕುಮಾರಿ ಅತ್ತಿಗೆಯೇ ಕಣ್ಣಾರೆ ಕಂಡು ಸುಮ್ಮನಿದ್ದಳಲ್ಲ ಎಂದು ಅಳುತ್ತಾ ಎದ್ದಳು. ಗೋಡೆಗೊರಗಿದ್ದ ಮರಿತಾಯಮ್ಮ ಎಡಗೈ ಎತ್ತಿ ಏನೋ ಹೇಳಲು ಹೆಣಗುತ್ತಿರುವುದು ಎಷ್ಟೋ ಹೊತ್ತು ಯಾರಿಗೂ ಕಾಣಲಿಲ್ಲ. ಕೊನೆಗೆ ಕುಮಾರಿ ಬಾಯಿಯ ಹತ್ತಿರ ಕಿವಿಯಿಟ್ಟು ಕೇಳಿ ಹೇಳಿದ ಮೇಲೆ ಸಂಗತಿ ತಿಳಿಯಿತು. ಶಂಕರ್ ತೆಗೆದ ಕ್ಯಾಸೆಟ್ಟುಗಳನ್ನೆಲ್ಲ ಸ್ಟುಡಿಯೋದ ಮುಂದಿನ ಟಿವಿಯಲ್ಲಿ ದಿನವಿಡೀ ಹಾಕಿಡುತ್ತಾನೆ, ಗಿರಾಕಿ ಬರಲೆಂದು. ಕುಮಾರಿಯನ್ನು ಕೇಳಿದ್ದ ಚಂದಕವಾಡಿಯ ಗಂಡಿನವರು ಗುಂಡ್ಲುಪೇಟೆಗೆ ಸಂತೆಗೆ ಬಂದೇ ಬರುತ್ತಾರೆ. ಬೀಗಿತ್ತಿ ನಡುಗುವುದು, ಜೊಲ್ಲು ಸುರಿಸುವುದು ಟಿವಿಯಲ್ಲಿ ಕಂಡರೆ ಯಾರು ಹೆಣ್ಣು ತರುತ್ತಾರೆ? ಅದಕ್ಕೆಂದೇ ಎರಡು ನುಂಗಿದ್ದು.

ಯಾರಿಗೂ ನಗು ಬರಲಿಲ್ಲ. ಮಾದಣ್ಣ ಕೈ ತೊಳೆದು ಹೊರಗೆ ಹೋಗಿ ಬೀಡಿ ಹಚ್ಚಿದ.

ಮತ್ತೆ ಗುರುವಾರ ನೀಲಾವತಿ ಬೂತಿನ ಗಾಜಿನ ಬಾಗಿಲು ಎಳೆದುಕೊಂಡು ಇದ್ದದ್ದನ್ನೆಲ್ಲ ಹೇಳಿದಳು. ಅತ್ತ ಕಡೆ ಡಾಕ್ಟರು ಕುರ್ಚಿ ಎಳೆದುಕೊಂಡು ಕುಳಿತ ಸದ್ದು ಕೇಳಿಸಿತು. ಅವರೂ ದಣಿದ ಮನುಷ್ಯರೆಂದು ಆಗ ಅವಳಿಗೆ ಅನ್ನಿಸಿತು.

"ನೀವು ಸಿಂಗಾರ ಮಾಡಿ ಕಳಿಸಿದಿರಿ, ನಾನು ಸಿಂಗಾರಕ್ಕೆ ಔಷಧಿ ಕೊಟ್ಟೆ" ಎಂದರು. "ಬೆಳಗ್ಗೆ ಮಾತ್ರೆಗೆ ಮೊದಲು ತೆಗೀರಿ. ಹಾಸಿಗೆಯಿಂದ ಏಳೋದ್ರಿಂದ ಶುರು ಮಾಡಿ. ಮಾತ್ರೆ ಕೊಟ್ಟ ಮೇಲೆ ಇನ್ನೊಂದು ಸಲ."

ಶಂಕರನನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ಈ ಕ್ಯಾಸೆಟ್ ಅಂಗಡಿಯಲ್ಲಿ ಹಾಕುವುದಿಲ್ಲವೆಂದು ಅವನು ತಾಯಿಯ ಮೇಲೆ ಆಣೆ ಮಾಡಿದ. ಒಪ್ಪಿಸಬೇಕಾದದ್ದು ಮರಿತಾಯಮ್ಮನನ್ನು. ಅವರು ಮೂರು ಸಂಜೆ ತಲೆ ಅಲ್ಲಾಡಿಸಿ, ನಾಲ್ಕನೆಯ ದಿನ ಸೀರೆಯಾದರೂ ಒಗೆದದ್ದು ಇರಲಿ ಎಂದರು. ಅದೇ ಒಪ್ಪಿಗೆ.

ಶಂಕರ್ ಮುಂಜಾನೆಯ ಮೊದಲ ಬಸ್ಸಿಗೆ ಬಂದ. ಬೆಡ್‌ಶೀಟ್ ಕಟ್ಟಲಿಲ್ಲ, ದೀಪವನ್ನು ಕಿಟಕಿಯ ಕಡೆಗೆ ತಿರುಗಿಸಿಟ್ಟ. ನೀಲಾವತಿ ತಲೆ ಬಾಚಿರಲಿಲ್ಲ. ಕ್ಯಾಮೆರಾ ಇರುವುದು ಅತ್ತೆಗೆ ಎಂದುಕೊಂಡಿದ್ದಳೇ ಹೊರತು ಅತ್ತೆಯನ್ನು ಎತ್ತುವ ಕೈ ತನ್ನದೇ ಎಂಬುದು ಅವಳ ನೆನಪಿನಲ್ಲಿರಲಿಲ್ಲ. ದಿನದಂತೆ ಮಗ್ಗುಲಿಗೆ ತಿರುಗಿಸಿದಳು, ದಿನದಂತೆ ಎಬ್ಬಿಸಿದಳು, ಹೊಸ್ತಿಲಲ್ಲಿ ಕಾಲು ನಿಂತಾಗ ದಿನದಂತೆ ತಾನು ಮುಂದೆ ಹೋಗಿ ಬಗ್ಗಿ, ಅತ್ತೆಯ ಪಾದವನ್ನು ಕೈಯಿಂದಲೇ ಎತ್ತಿ ಆಚೆಗಿಟ್ಟಳು. ಶಂಕರ್ ಅಮ್ಮ ಈ ಕಡೆ ನೋಡಿ ಎನ್ನುವುದನ್ನು ಮರೆತೇಬಿಟ್ಟಿದ್ದ.

ಮದುವೆಯ ಕ್ಯಾಸೆಟ್ಟನ್ನು ಮನೆಯವರಿಗೆ ಹಾಕಿ ತೋರಿಸದೆ ಒಪ್ಪಿಸುವ ಪದ್ಧತಿ ಶಂಕರನಲ್ಲಿಲ್ಲ. ಇದು ಮದುವೆಯಲ್ಲ ಎಂದು ಯಾರೂ ಹೇಳದಿದ್ದುದರಿಂದ ಭಾನುವಾರ ಕ್ಯಾಸೆಟ್ ಹಾಕುವ ವಿಸಿಪಿಯನ್ನು ಚೀಲದಲ್ಲಿ ಹೊತ್ತು ತಂದು ಮನೆಯ ಕಪ್ಪು ಬಿಳುಪು ಟಿವಿಗೆ ಜೋಡಿಸಿದ. ಮಾದಣ್ಣ, ಮಹಾಲಿಂಗ ಇಬ್ಬರೂ ಮನೆಯಲ್ಲಿದ್ದರು. ನೀಲಾವತಿ ಮರಿತಾಯಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿ ತಾನು ಅಡುಗೆಮನೆಯ ಬಾಗಿಲಲ್ಲಿ ನಿಂತಳು.

ಟಿವಿಯಲ್ಲಿ ಒಬ್ಬ ಕೆದರಿದ ತಲೆಯ ಹೆಂಗಸು ಇನ್ನೊಬ್ಬಳನ್ನು ಎತ್ತುತ್ತಿದ್ದಳು. ಎತ್ತಿದಳು, ಜಾರಿತು, ಮತ್ತೆ ಎತ್ತಿದಳು. ಒದ್ದೆ ಬಟ್ಟೆ ಎಳೆದಳು. ಹೊಸ್ತಿಲಲ್ಲಿ ಬಗ್ಗಿದಳು. ಎದ್ದು ಸೊಂಟಕ್ಕೆ ಕೈ ಕೊಟ್ಟು ಗೋಡೆ ಹಿಡಿದು ನಿಂತಳು. ತಾನು ಹಾಗೆ ಗೋಡೆ ಹಿಡಿಯುತ್ತೇನೆಂದು ನೀಲಾವತಿಗೇ ಗೊತ್ತಿರಲಿಲ್ಲ. ಮೊದಲು ಮಾತಾಡಿದವನು ಮಾದಣ್ಣ.

"ದಿನಾ ಇಂಗೇಯಾ ಕಣಮ್ಮಿ?"

"ದಿನಾ ಇಂಗೇ ಮಾವ."

ಮಾದಣ್ಣ ಮತ್ತೆ ಟಿವಿಯ ಕಡೆ ತಿರುಗಲಿಲ್ಲ, ನೆಲ ನೋಡುತ್ತಾ ಕುಳಿತ.

ಅಷ್ಟರಲ್ಲಿ ಮರಿತಾಯಮ್ಮನ ಎಡಗೈ ಎದ್ದಿತು. ಹಿಂದಕ್ಕೆ ತಿರುಗಿಸು ಎಂದು ಶಂಕರನಿಗೆ ಸನ್ನೆ ಮಾಡಿದರು. ಅಂಬಲಿ ಕುಡಿಸುವ ಜಾಗ ಬಂದಾಗ ಕೈ ಬೀಸಿ ನಿಲ್ಲಿಸಿದರು. ಟಿವಿಯಲ್ಲಿ ನೀಲಾವತಿ ಸೆರಗಿನಿಂದ ಅವರ ತುಟಿ ಒರೆಸುತ್ತಿದ್ದಳು. ಅವರ ಮುಖ ನೇರ ಇವಳನ್ನೇ ನೋಡುತ್ತಿತ್ತು, ಬಿಗಿದ ತುಟಿ, ಮಿಟುಕದ ಕಣ್ಣು, ಅದೇ ಹಗೆಯ ಮುಖ. ಮರಿತಾಯಮ್ಮ ಅದನ್ನು ಬಹಳ ಹೊತ್ತು ನೋಡಿದರು. ಈ ಸಲ ನೀಲಾವತಿಯೇ ಹತ್ತಿರ ಹೋಗಿ ಬಗ್ಗಿದಳು.

"ಅಲ್ಲಿ ನಾ ನಗ್ತಾ ಇದ್ದಿ ಕಣಮ್ಮಿ" ಎಂದರು ಮರಿತಾಯಮ್ಮ. "ನಿನ್ನ ನೋಡಿ ನಗ್ತಾ ಇದ್ದಿ. ಯಾಕೆ ಕಾಣ್ತಾ ಇಲ್ಲ?"

ನೀಲಾವತಿ ಅಡುಗೆಮನೆಗೆ ಹೋಗಿ ಒಲೆಯ ಮುಂದೆ ಕುಳಿತು ಅತ್ತಳು. ಅತ್ತೆಯ ಮೇಲಿನ ಕನಿಕರಕ್ಕೋ, ಇಷ್ಟು ದಿನ ಮನಸ್ಸಿನಲ್ಲೇ ಬೈದುಕೊಂಡದ್ದಕ್ಕೋ, ಬರೀ ಸುಸ್ತಿಗೋ, ಅವಳಿಗೆ ತಿಳಿಯಲಿಲ್ಲ. ಹಿಂದೆ ಬಂದು ನಿಂತ ಮಹಾಲಿಂಗ ಒಂದು ಲೋಟ ನೀರು ಬಗ್ಗಿಸಿ ಕೊಟ್ಟ.

ಗುರುವಾರ ಡಾಕ್ಟರು ಮಾತ್ರೆಯನ್ನು ಮೊದಲಿನಷ್ಟಕ್ಕೇ ಏರಿಸಿ, ಸಣ್ಣಸಣ್ಣದಾಗಿ ಹಂಚಿ, ಊಟಕ್ಕೆ ಮುಂಚೆ ಕೊಡಲು ಹೇಳಿದರು. ಮುಖದ ಮಾತು ಕೇಳಿದ್ದಕ್ಕೆ, ಅದೂ ಕಾಯಿಲೆಯೇ, ಸ್ನಾಯು ಬಿಗಿದು ಒಳಗಿನ ನಗು ಹೊರಗೆ ಬರುವುದಿಲ್ಲ, ಕಣ್ಣು ಮಿಟುಕದೆ ಸುಮ್ಮಸುಮ್ಮನೆ ನೀರೂ ಬರುತ್ತದೆ, ಮೊದಲೇ ಹೇಳಬೇಕಿತ್ತು ನಾನು ಎಂದರು.

ಪೂರ್ತಿ ವಾಸಿಯಾಗುವ ಕಾಯಿಲೆ ಅದಲ್ಲ. ಆದರೂ ದಿನದ ಒಂದಷ್ಟು ಹೊತ್ತು ಮರಿತಾಯಮ್ಮ ತಾವೇ ಎದ್ದು, ಮುದ್ದೆಯನ್ನು ಗೋಲಿಯಷ್ಟು ಮುರಿದು ತಾವೇ ನುಂಗುವಂತಾದರು. ಬೆಳಗಿನ ಹೊತ್ತು ಮಾತ್ರ ಎತ್ತಲೇಬೇಕಿತ್ತು. ಮಾದಣ್ಣ ಮಂಡಿಯವರನ್ನು ಕೇಳಿಕೊಂಡು ಒಂದು ಬಸ್ಸು ತಡವಾಗಿ ಹೋಗಲು ಒಪ್ಪಿಸಿ ಬಂದ. ಕಂಕುಳಿಗೆ ಕೈ ಎಲ್ಲಿ ಕೊಡಬೇಕು, ಕಾಲು ನಿಂತಾಗ ಏನು ಮಾಡಬೇಕು ಎಂದು ಸೊಸೆಯಿಂದ ಕಲಿತ. ಮೊದಮೊದಲು ಮೂಟೆಯನ್ನೆತ್ತುವ ಜೋರಿನಲ್ಲಿ ಎತ್ತಿ ಹೆಂಡತಿಯಿಂದ ಬೈಸಿಕೊಂಡ. ಬೈಗುಳ ಕೇಳುವುದಕ್ಕೂ ಅವನು ಕಿವಿಯನ್ನು ಅವಳ ಬಾಯಿಯ ಹತ್ತಿರ ಒಯ್ಯಬೇಕಿತ್ತು.

ಯುಗಾದಿಗೆ ಮುಂಚಿನ ಭಾನುವಾರ ಊಟದ ಹೊತ್ತಿಗೆ ಮಹಾಲಿಂಗ ಮತ್ತೆ ಕೇಳಿದ. ನಾಳೆ ಬೀಗದಕೈ ಇಸಿದುಕೊಳ್ಳಬೇಕು, ಇಲ್ಲವೆನ್ನಬೇಕು. ಈ ಸಲ ಅವನು ಅಪ್ಪನ ಕಡೆ ನೋಡದೆ ಹೆಂಡತಿಯ ಕಡೆ ನೋಡಿ ಕೇಳಿದ. ಮಾದಣ್ಣ ತಟ್ಟೆಯಿಂದ ತಲೆಯೆತ್ತಲಿಲ್ಲ. ಕುಮಾರಿ ನೀರಿನ ಚೊಂಬನ್ನು ಎತ್ತಿ ಅಲ್ಲೇ ಇಟ್ಟಳು. ತ್ಯಾಗ ಮಾಡುವ ಸೊಸೆಯ ಮಾತು ನೀಲಾವತಿಯ ಬಾಯಿಗೂ ಬಂದಿತ್ತು, ಇಲ್ಲವೆಂದಲ್ಲ. ಸೊಂಟ ನೋಯುತ್ತಿತ್ತು. ಅವಳು ಅದನ್ನು ಆಡಲಿಲ್ಲ.

"ಇಸ್ಕಳಿ" ಎಂದಳು. "ನಾನು ಬತ್ತಿನಿ."

ಹೇಳಿದವಳೇ ಅತ್ತೆಯ ಎದುರು ಕುಳಿತಳು. ಆ ಮುಖದಲ್ಲಿ ಎಂದಿನಂತೆ ಏನೂ ಇರಲಿಲ್ಲ. ಕಣ್ಣುಗಳಲ್ಲಿ ಮಾತ್ರ ನೀರು ನಿಂತಿತ್ತು.

"ಕ್ವಾಪಾನಾ ಅತ್ತೆ?"

ಮರಿತಾಯಮ್ಮ ತುಟಿ ಅಲ್ಲಾಡಿಸಲು ಸಮಯ ತೆಗೆದುಕೊಂಡರು. ಎಲ್ಲರೂ ಊಟ ನಿಲ್ಲಿಸಿ ಕಾದರು.

"ಇಲ್ಲ ಕಣಮ್ಮಿ. ನಗ್ತಾ ಇವ್ನಿ. ಓಗು."

ನಿಜವೋ, ಸೊಸೆ ಹೋಗಲೆಂದು ಆಡಿದ ಮಾತೋ, ನೋಡಿ ತಿಳಿಯುವ ಹಾಗಿರಲಿಲ್ಲ. ನೀಲಾವತಿ ಸೆರಗಿನಿಂದ ಆ ಕಣ್ಣುಗಳನ್ನು ಒರೆಸಿದಳು. ಒರೆಸಿದಷ್ಟೂ ನೀರು ಬರುತ್ತಿತ್ತು. ಅದು ಕಾಯಿಲೆಯ ನೀರೇ ಎಂದು ಅವಳು ನಂಬಿಕೊಂಡಳು.